ಸ್ಲೀಪ್ ಆಪ್ನಿಯಾ: ಮನೆಯ ನಿದ್ದೆ ಮತ್ತು ಮಲಗಿದವರ ಅರಿವು

ಸ್ಲೀಪ್ ಆಪ್ನಿಯಾ ನಿದ್ದೆಯಲ್ಲಿ ಉಸಿರು ಮೇಲಿಂದ ಮೇಲೆ ಕಟ್ಟುವ ಕಾಯಿಲೆ. ಉಸಿರಾಟ ಕನಿಷ್ಠ 10 ಸೆಕೆಂಡು ನಿಂತರೆ ವೈದ್ಯರು ಅದನ್ನು ಒಂದು ಆಪ್ನಿಯಾ ಎಂದು ಎಣಿಸುತ್ತಾರೆ. ಪೂರ್ತಿ ನಿಲ್ಲದೆ ಬಹಳಷ್ಟು ತಗ್ಗಿ, ಅದರಿಂದ ರಕ್ತದ ಆಮ್ಲಜನಕ ಇಳಿದರೆ ಅಥವಾ ಮಿದುಳು ಎಚ್ಚರದತ್ತ ಹೊರಳಿದರೆ ಅದು ಹೈಪೋಪ್ನಿಯಾ. ಎರಡನ್ನೂ ಕೂಡಿಸಿ ನಿದ್ದೆಯ ಗಂಟೆಗಳಿಂದ ಭಾಗಿಸಿದಾಗ ಬರುವ ಸಂಖ್ಯೆಯೇ ತೀವ್ರತೆಯ ಅಳತೆ. ವಯಸ್ಕರಲ್ಲಿ ಗಂಟೆಗೆ 5ರಿಂದ 15ರವರೆಗೆ ಸೌಮ್ಯ, 15ರಿಂದ 30 ಮಧ್ಯಮ, ಅದಕ್ಕೂ ಮೇಲೆ ತೀವ್ರ. ಗಂಟೆಗೆ 30ರ ಸೂಚ್ಯಂಕವಿರುವವನು ಆರು ಗಂಟೆ ಮಲಗಿದರೆ ಒಂದೇ ರಾತ್ರಿಯಲ್ಲಿ 180 ಸಲ ಅವನ ಉಸಿರು ಕಟ್ಟಿರುತ್ತದೆ ಅಥವಾ ಕುಗ್ಗಿರುತ್ತದೆ. ಬೆಳಿಗ್ಗೆ ಎದ್ದ ಮೇಲೆ ಕೇಳಿದರೆ ಅವನು ಒಳ್ಳೆಯ ನಿದ್ದೆ ಬಂತು ಎನ್ನಬಹುದು. ಅದು ಸುಳ್ಳೇನಲ್ಲ, ಅವನಿಗೆ ಗೊತ್ತಿರುವುದೇ ಅಷ್ಟು.

ರೋಗಿ ಹೇಳುವ ನಿದ್ದೆಗೂ ಯಂತ್ರ ತೋರಿಸುವ ನಿದ್ದೆಗೂ ನಡುವೆ ಇರುವ ಈ ಅಂತರವೇ ಇಲ್ಲಿನ ವಿಷಯ. ಪ್ರಯೋಗಾಲಯದ ನಿದ್ದೆಗಿಂತ ಮನೆಯ ನಿದ್ದೆಗೆ, ಅದರಲ್ಲೂ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಸೀಮೆಯ ಮನೆಗಳ ನಿದ್ದೆಗೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದೆ. ಈ ಸೀಮೆಗೂ ದಾವಣಗೆರೆಗೂ ನಂಟಿದೆ. ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿ, ನಾರದಮುನಿಯ ಗುಡಿಯಿಂದ ಹೆಸರಾದ ಊರು. ಅದೇ ಊರಿನ ಹೆಸರು ದಾವಣಗೆರೆಯ ಜಿಲ್ಲಾ ಆಸ್ಪತ್ರೆಗೂ ಇದೆ. 1997ರಿಂದ ಎರಡು ದಶಕ ಹರಪನಹಳ್ಳಿ ತಾಲ್ಲೂಕು ದಾವಣಗೆರೆ ಜಿಲ್ಲೆಯಲ್ಲಿತ್ತು. ಆಮೇಲೆ ಬಳ್ಳಾರಿಗೆ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆ ಬದಲಾದರೂ ದೊಡ್ಡ ಕಾಯಿಲೆ ಬಂದರೆ ದಾವಣಗೆರೆಯ ಬಸ್ಸು ಹತ್ತುವ ರೂಢಿ ಈ ಕಡೆಯವರಿಗೆ ಹೋಗಿಲ್ಲ. ಗೊರಕೆಗಾಗಿ ಮಾತ್ರ ಯಾರೂ ಆ ಬಸ್ಸು ಹತ್ತುವುದಿಲ್ಲ.

ಉಸಿರು ಕಟ್ಟುವ ಬಗೆ

ಈ ಕಾಯಿಲೆಯಲ್ಲಿ ಎರಡು ಮುಖ್ಯ ಬಗೆಗಳಿವೆ. ಮಿದುಳೇ ಉಸಿರಾಟದ ಆಜ್ಞೆ ಕೊಡದೆ ಸುಮ್ಮನಾಗುವುದು ಕೇಂದ್ರೀಯ ಬಗೆ. ಹೃದಯ ವೈಫಲ್ಯ, ಪಾರ್ಶ್ವವಾಯು, ಅಫೀಮಿನ ವರ್ಗದ ನೋವುನಿವಾರಕಗಳು ಇವುಗಳ ಜೊತೆಯಲ್ಲಿ ಇದು ಕಾಣಿಸಿಕೊಳ್ಳುತ್ತದೆ, ಸಂಖ್ಯೆಯಲ್ಲಿ ಕಡಿಮೆ. ಹೆಚ್ಚಿನವರಿಗೆ ಇರುವುದು ಅಡಚಣೆಯ ಬಗೆ. ಎಚ್ಚರವಿರುವಾಗ ಗಂಟಲಿನ ಸ್ನಾಯುಗಳು ಬಿಗಿಯಾಗಿದ್ದು ಶ್ವಾಸದ ದಾರಿಯನ್ನು ತೆರೆದಿಡುತ್ತವೆ. ನಿದ್ದೆಯಲ್ಲಿ ಅವು ಸಡಿಲವಾಗುತ್ತವೆ, ನಾಲಿಗೆ ಹಿಂದಕ್ಕೆ ಜಾರುತ್ತದೆ, ಮೆತ್ತನೆಯ ಅಂಗುಳ ಇಳಿಬೀಳುತ್ತದೆ. ದಾರಿ ಕಿರಿದಾದಾಗ ಗೊರಕೆ, ಮುಚ್ಚಿಕೊಂಡಾಗ ನಿಶ್ಶಬ್ದ. ಆ ನಿಶ್ಶಬ್ದದಲ್ಲೂ ಎದೆ, ಹೊಟ್ಟೆ ಗಾಳಿಗಾಗಿ ಎಳೆದಾಡುತ್ತಲೇ ಇರುತ್ತವೆ. ಆಮ್ಲಜನಕ ಇಳಿದು ಇಂಗಾಲದ ಡೈಆಕ್ಸೈಡ್ ಏರಿದಾಗ ಮಿದುಳು ಕ್ಷಣಕಾಲ ಎಚ್ಚರಗೊಂಡು ಗಂಟಲನ್ನು ಬಿಗಿ ಮಾಡುತ್ತದೆ. ದೊಡ್ಡದೊಂದು ಗೊರಕೆಯೊಂದಿಗೆ ಗಾಳಿ ಒಳನುಗ್ಗುತ್ತದೆ, ಮತ್ತೆ ನಿದ್ದೆ, ಮತ್ತೆ ಕಟ್ಟುವಿಕೆ. ಅಂಗಾತ ಮಲಗಿದಾಗಲೂ, ಕನಸು ಬೀಳುವ ನಿದ್ದೆಯ ಹೊತ್ತಿನಲ್ಲೂ, ಕುಡಿದು ಮಲಗಿದ ರಾತ್ರಿಯೂ ಇದು ಹೆಚ್ಚುತ್ತದೆ.

ಬೊಜ್ಜು, ದಪ್ಪ ಕುತ್ತಿಗೆ, ಹಿಂದೆ ಸರಿದ ಸಣ್ಣ ದವಡೆ, ದೊಡ್ಡ ಟಾನ್ಸಿಲ್, ಥೈರಾಯ್ಡ್ ಕೊರತೆ, ವಯಸ್ಸು, ಗಂಡಸಾಗಿರುವುದು, ಹೆಂಗಸರಲ್ಲಿ ಮುಟ್ಟು ನಿಂತ ಮೇಲಿನ ಕಾಲ ಇವೆಲ್ಲ ಅಪಾಯವನ್ನು ಏರಿಸುತ್ತವೆ. ದಕ್ಷಿಣ ಏಷ್ಯಾದವರಲ್ಲಿ ಪಾಶ್ಚಾತ್ಯರಿಗಿಂತ ಕಡಿಮೆ ತೂಕದಲ್ಲೇ ಈ ಕಾಯಿಲೆ ಶುರುವಾಗುವುದುಂಟು. ದಪ್ಪಗಿದ್ದವರಿಗೆ ಮಾತ್ರ ಬರುತ್ತದೆ ಎಂಬ ನಂಬಿಕೆಯಿಂದ ಎಷ್ಟೋ ತೆಳ್ಳಗಿನವರು ತಪಾಸಣೆಯಿಂದ ಹೊರಗುಳಿಯುತ್ತಾರೆ.

ಇತಿಹಾಸ

ಸ್ಥೂಲಕಾಯಕ್ಕೂ ಅತಿನಿದ್ರೆಗೂ ಇರುವ ನಂಟು ಹಳಬರಿಗೆ ಗೊತ್ತಿತ್ತು. ಮೇದಸ್ಸು ಬೆಳೆದವರ ಲಕ್ಷಣಗಳಲ್ಲಿ ಏದುಸಿರನ್ನೂ ನಿದ್ದೆಯನ್ನೂ ಸುಶ್ರುತ ಸಂಹಿತೆ ಒಟ್ಟಿಗೇ ಹೇಳುತ್ತದೆ. ಯುರೋಪಿನಲ್ಲಿ 1836-37ರಲ್ಲಿ ಕಂತುಕಂತಾಗಿ ಬಂದ ಚಾರ್ಲ್ಸ್ ಡಿಕನ್ಸ್‌ನ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯ ಜೋ ಎಂಬ ದಡೂತಿ ಹುಡುಗ ನಿಂತಲ್ಲೇ ನಿದ್ದೆ ಹೋಗಿ ಗೊರಕೆ ಹೊಡೆಯುತ್ತಾನೆ. 1956ರಲ್ಲಿ ಅಮೆರಿಕದ ಬರ್ವೆಲ್ ಮತ್ತು ಸಂಗಡಿಗರು ತಮ್ಮ ರೋಗಿಯೊಬ್ಬನ ವಿವರ ಪ್ರಕಟಿಸುವಾಗ ಈ ಕಾದಂಬರಿಯ ಹೆಸರನ್ನೇ ಕಾಯಿಲೆಗೆ ಇಟ್ಟರು. ಆ ರೋಗಿಯ ಕತೆ ವೈದ್ಯಶಾಸ್ತ್ರದಲ್ಲಿ ಪ್ರಸಿದ್ಧ. ಆತ ಇಸ್ಪೀಟು ಆಡುತ್ತಿದ್ದ ಉದ್ಯಮಿ. ಕೈಯಲ್ಲಿ ಮೂರು ಎಕ್ಕ, ಎರಡು ರಾಜ. ಗೆಲುವು ಬಹುಮಟ್ಟಿಗೆ ಖಚಿತವಾಗಿದ್ದ ಆ ಆಟದಲ್ಲಿ ಪಣ ಏರಿಸುವ ಬದಲು ಆತ ನಿದ್ದೆಹೋದ. ಕೆಲವೇ ದಿನಗಳಲ್ಲಿ ಆಸ್ಪತ್ರೆ ಸೇರಿದ. ವರ್ಷಗಟ್ಟಲೆ ಹಗಲಿಡೀ ತೂಕಡಿಸಿದ್ದು ಅವನನ್ನು ಆಸ್ಪತ್ರೆಗೆ ಅಟ್ಟಿರಲಿಲ್ಲ, ಕೈತಪ್ಪಿದ ದುಡ್ಡು ಅಟ್ಟಿತು. ಇಂದಿಗೂ ರೋಗಿಗಳು ಬಹುಮಟ್ಟಿಗೆ ಹೀಗೆಯೇ ಬರುತ್ತಾರೆ: ನಿದ್ದೆಯ ದೂರು ಹೊತ್ತು ಬರುವವರು ಕಡಿಮೆ, ನಿದ್ದೆಯಿಂದ ಏನಾದರೂ ಕೆಟ್ಟ ಮೇಲೆ ಬರುವವರೇ ಹೆಚ್ಚು.

ಬರ್ವೆಲ್ ಕೂಡ ರೋಗಿಯ ರಾತ್ರಿಯನ್ನು ನೋಡಿರಲಿಲ್ಲ. 1965ರಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿ ಗಾಸ್ತೋ ತಂಡವೂ ಜರ್ಮನಿಯಲ್ಲಿ ಯುಂಗ್ ಮತ್ತು ಕೂಲೋ ಅವರೂ ಇಂಥವರ ನಿದ್ದೆಯನ್ನು ರಾತ್ರಿಯಿಡೀ ದಾಖಲಿಸಿದಾಗಲೇ ಉಸಿರು ನಿಲ್ಲುವುದು ಬಯಲಾದದ್ದು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಗಿಲ್‌ಮಿನೋ 1970ರ ದಶಕದಲ್ಲಿ ಸ್ಲೀಪ್ ಆಪ್ನಿಯಾ ಎಂಬ ಹೆಸರನ್ನು ನೆಲೆಗೊಳಿಸಿದರು. 1973ರಲ್ಲಿ ಆ ತಂಡ ವರದಿ ಮಾಡಿದ್ದು ನಿದ್ದೆಯೇ ಬರುವುದಿಲ್ಲ ಎಂದು ದೂರುತ್ತಿದ್ದವರಲ್ಲಿ ಕಂಡ ಆಪ್ನಿಯಾವನ್ನು ಎಂಬುದು ಗಮನಿಸಬೇಕಾದ ಸಂಗತಿ. ಅತಿನಿದ್ರೆ, ನಿದ್ರಾಹೀನತೆ ಎಂಬ ಎದುರುಬದುರು ದೂರುಗಳ ಹಿಂದೆ ಒಂದೇ ಕಾಯಿಲೆ ಇರಬಲ್ಲದು ಎಂಬ ಮಾತು ಅಂದೇ ದಾಖಲಾಗಿತ್ತು.

ಕರ್ನಾಟಕದಲ್ಲಿ ನಿದ್ದೆಯ ಶಾಸ್ತ್ರೀಯ ಅಧ್ಯಯನಕ್ಕೆ ನೆಲೆ ಕೊಟ್ಟ ಮುಖ್ಯ ಸಂಸ್ಥೆ ಬೆಂಗಳೂರಿನ ನಿಮ್ಹಾನ್ಸ್. ಅಲ್ಲಿನ ನರಶರೀರಕ್ರಿಯಾ ವಿಭಾಗದ ನಿದ್ರಾ ಪ್ರಯೋಗಾಲಯ ವಿಪಶ್ಯನ ಧ್ಯಾನಿಗಳ ನಿದ್ದೆಯ ಹಂತಗಳನ್ನು ರಾತ್ರಿಯಿಡೀ ಅಳೆದು, ವಯಸ್ಸಾದಂತೆ ಕುಗ್ಗಬೇಕಾದ ಗಾಢ ನಿದ್ದೆ ಅವರಲ್ಲಿ ಹೆಚ್ಚು ಉಳಿದಿರುವುದನ್ನು ತೋರಿಸಿದೆ. ಕಾಯಿಲೆಯ ಹೆಸರನ್ನು ಸಾಮಾನ್ಯ ಓದುಗರಿಗೆ ಮುಟ್ಟಿಸಿದ್ದು ಮಾತ್ರ ಒಂದು ಸಾವಿನ ಸುದ್ದಿ. 1986ರ ‘ಆಫ್ರಿಕಾದಲ್ಲಿ ಶೀಲಾ’ ಚಿತ್ರದ ಹಾಡುಗಳಿಂದ ಕನ್ನಡಿಗರಿಗೂ ಪರಿಚಿತರಾಗಿದ್ದ ಸಂಗೀತ ನಿರ್ದೇಶಕ ಬಪ್ಪಿ ಲಹರಿ 2022ರ ಫೆಬ್ರುವರಿಯಲ್ಲಿ ಮುಂಬೈಯಲ್ಲಿ ತೀರಿಕೊಂಡಾಗ, ಅಡಚಣೆಯ ಸ್ಲೀಪ್ ಆಪ್ನಿಯಾ ಕಾರಣವೆಂದು ಆಸ್ಪತ್ರೆಯ ವೈದ್ಯರು ತಿಳಿಸಿದ್ದರು.

ಮಲಗಿದವರಿಗೆ ತಿಳಿಯುವುದೆಷ್ಟು

ಮಿದುಳಿನ ಅಲೆಗಳಲ್ಲಿ ಮೂರು ಸೆಕೆಂಡಿನಷ್ಟು ಬದಲಾವಣೆ ಕಂಡರೂ ತಜ್ಞರು ಅದನ್ನು ಅರೆಎಚ್ಚರ ಎಂದು ಗುರುತು ಹಾಕುತ್ತಾರೆ. ಇಷ್ಟು ಚಿಕ್ಕ ಎಚ್ಚರ ನೆನಪಿನಲ್ಲಿ ಉಳಿಯುವುದಿಲ್ಲ. ಎಚ್ಚರವಾದದ್ದು ಬೆಳಿಗ್ಗೆ ನೆನಪಿರಬೇಕಾದರೆ ಸಾಮಾನ್ಯವಾಗಿ ಕೆಲವು ನಿಮಿಷವಾದರೂ ಎಚ್ಚರ ಇದ್ದಿರಬೇಕು. ಆಪ್ನಿಯಾದ ಎಚ್ಚರಗಳು ಬಹುತೇಕ ಅಷ್ಟು ಹೊತ್ತು ನಿಲ್ಲುವುದೇ ಇಲ್ಲ. ಉಸಿರು ಸಿಕ್ಕ ಕೂಡಲೇ ಮಿದುಳು ಮತ್ತೆ ನಿದ್ದೆಗೆ ಬೀಳುತ್ತದೆ. ಹೀಗಾಗಿ ನೂರಾರು ಸಲ ಮುರಿದ ನಿದ್ದೆ ಮಲಗಿದವನ ನೆನಪಿನಲ್ಲಿ ಒಂದೇ ಅಖಂಡ ನಿದ್ದೆಯಾಗಿ ಉಳಿಯುತ್ತದೆ. ತನ್ನ ಗೊರಕೆಯೂ ತನಗೆ ಕೇಳುವುದಿಲ್ಲ. ಮಲಗಿದ ಹೊಸದರಲ್ಲಿ, ಇನ್ನೂ ಜೋಂಪಿನಲ್ಲಿರುವಾಗ, ತನ್ನದೇ ಗೊರಕೆಗೆ ಬೆಚ್ಚಿ ಎದ್ದವರು ಮಾತ್ರ ಅದನ್ನು ಒಪ್ಪಿಕೊಳ್ಳುತ್ತಾರೆ.

ತನ್ನ ಕಾಯಿಲೆ ತನಗೇ ತಿಳಿಯದ ಈ ಸ್ಥಿತಿಗೆ ನಮ್ಮ ಊರುಗಳ ತಿಳಿವಳಿಕೆಯೂ ಇಂಬು ಕೊಡುತ್ತದೆ. ಜೋರು ಗೊರಕೆ ಎಂದರೆ ಭಾರೀ ನಿದ್ದೆ, ಭಾರೀ ನಿದ್ದೆ ಎಂದರೆ ಚಿಂತೆಯಿಲ್ಲದ ಬಾಳು ಎಂದು ಲೆಕ್ಕ. ದಿಂಬಿಗೆ ತಲೆ ಕೊಟ್ಟ ಕೂಡಲೇ ನಿದ್ದೆ ಹತ್ತುವವನನ್ನು ಕಂಡು ಪುಣ್ಯವಂತ ಎನ್ನುತ್ತಾರೆ. ವೈದ್ಯರ ಕಣ್ಣಿಗೆ ಅದು ಪುಣ್ಯವಲ್ಲ, ನಿದ್ದೆಯ ಸಾಲ. ಕೂತಲ್ಲಿ ನಿಂತಲ್ಲಿ ಕಣ್ಣು ಎಳೆಯುವುದು ರಾತ್ರಿಯ ನಿದ್ದೆ ನಿದ್ದೆಯ ಕೆಲಸ ಮಾಡಿಲ್ಲ ಎಂಬುದರ ಸೂಚನೆ. ಕುಂಭಕರ್ಣನ ಹೆಸರಿನಲ್ಲಿ ತಮಾಷೆ ಮಾಡಿ ಮುಗಿಸಿಬಿಡುವ ಈ ರೂಢಿಯಿಂದ ಆಗಿರುವ ನಷ್ಟ ಸಣ್ಣದಲ್ಲ.

ಅರಿವು ಇನ್ನೊಂದು ದಿಕ್ಕಿಗೂ ತಪ್ಪುತ್ತದೆ. ರಾತ್ರಿಯಿಡೀ ಕಣ್ಣು ಮುಚ್ಚಲೇ ಇಲ್ಲ ಎಂದು ದೂರುವ ಕೆಲವರ ದಾಖಲೆಯಲ್ಲಿ ಐದಾರು ಗಂಟೆಯ ನಿದ್ದೆ ಕಾಣುತ್ತದೆ. ತುಂಡು ತುಂಡಾದ ಹಗುರ ನಿದ್ದೆಯನ್ನು ಅವರ ಮಿದುಳು ಎಚ್ಚರವೆಂದೇ ನೆನಪಿಟ್ಟುಕೊಂಡಿರುತ್ತದೆ. ಆಪ್ನಿಯಾ ರೋಗಿಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಮಂದಿ ನಿದ್ರಾಹೀನತೆಯ ಲಕ್ಷಣಗಳನ್ನೂ ಹೇಳುತ್ತಾರೆ. ಇವರ ಕೈಗೆ ಸಿಗುವುದು ನಿದ್ದೆ ಮಾತ್ರೆ. ಆ ಮಾತ್ರೆಗಳಲ್ಲಿ ಕೆಲವು ಗಂಟಲನ್ನು ಇನ್ನಷ್ಟು ಸಡಿಲಗೊಳಿಸಿ, ಎಚ್ಚರವಾಗುವುದನ್ನೂ ತಡಮಾಡಿ, ಉಸಿರು ಕಟ್ಟುವ ಅವಧಿಯನ್ನು ಉದ್ದ ಮಾಡಬಲ್ಲವು. ನಿದ್ದೆ ಬರಲೆಂದು ಹಾಕಿಕೊಳ್ಳುವ ಪೆಗ್ಗಿನ ಕೆಲಸವೂ ಇದೇ. ಕುಡಿದವನಿಗೆ ಬೇಗ ನಿದ್ದೆ ಬಂದ ನೆನಪಿರುತ್ತದೆ. ಅದರ ನಂತರದ ರಾತ್ರಿ ಅವನ ಲೆಕ್ಕಕ್ಕೆ ಬರುವುದೇ ಇಲ್ಲ.

ಉಳಿದ ಲಕ್ಷಣಗಳಿಗೆ ಮನೆಯಲ್ಲಿ ಬೇರೆ ಬೇರೆ ಕಾರಣ ಸಿಗುತ್ತವೆ. ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದನ್ನು ಸಕ್ಕರೆ ಕಾಯಿಲೆಗೋ ವಯಸ್ಸಿಗೋ ಕಟ್ಟುತ್ತಾರೆ. ಮುಚ್ಚಿದ ಗಂಟಲಿನ ಎದುರು ಎದೆ ಎಳೆದಾಗ ಹೃದಯದ ಕೋಣೆಗಳು ಹಿಗ್ಗುತ್ತವೆ, ಮೂತ್ರ ಹೆಚ್ಚಿಸುವ ಹಾರ್ಮೋನನ್ನು ಬಿಡುತ್ತವೆ. ಆಪ್ನಿಯಾಗೆ ಚಿಕಿತ್ಸೆಯಾದ ಮೇಲೆ ಎಷ್ಟೋ ಜನರ ರಾತ್ರಿ ಓಡಾಟ ಕಡಿಮೆಯಾಗುತ್ತದೆ. ಬೆಳಗಿನ ತಲೆನೋವು ಪಿತ್ತದ ಪಾಲಾಗುತ್ತದೆ, ಬಾಯಿ ಒಣಗುವುದು ಬಿಸಿಲಿನ ಪಾಲಾಗುತ್ತದೆ. ಮುಳುಗಿದಂತೆ, ಯಾರೋ ಕುತ್ತಿಗೆ ಹಿಚುಕಿದಂತೆ ಬೀಳುವ ಕನಸುಗಳನ್ನು ಅಂತ್ರಕ್ಕೆ, ತಾಯತಕ್ಕೆ ಒಪ್ಪಿಸುವವರೂ ಇದ್ದಾರೆ. ಹಗಲಿನ ತೂಕಡಿಕೆಗಂತೂ ಈ ಸೀಮೆಯಲ್ಲಿ ಸಿದ್ಧ ಕಾರಣವಿದೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದಾಗ ಮೆಕ್ಕೆಜೋಳಕ್ಕೋ ಈರುಳ್ಳಿಗೋ ನೀರು ಕಟ್ಟಲು ರೈತ ಹೊಲಕ್ಕೆ ಹೋಗಲೇಬೇಕು. ಮರುದಿನ ಕಣ್ಣು ಎಳೆದರೆ ಕೇಳುವವರು ಯಾರು? ನೀರು ಕಟ್ಟುವ ಕೆಲಸವಿಲ್ಲದ ತಿಂಗಳಲ್ಲೂ ಕಣ್ಣು ಎಳೆಯುತ್ತಿದೆಯೇ ಎಂದು ಕೇಳುವುದು ವೈದ್ಯರಿಗೆ ಇಲ್ಲಿ ಬಹಳ ಉಪಯೋಗದ ಪ್ರಶ್ನೆ.

ರೋಗಿಗಳ ಮಾತೂ ದಾರಿ ತಪ್ಪಿಸುತ್ತದೆ. 2000ದಲ್ಲಿ ಅಮೆರಿಕದ ಮಿಷಿಗನ್‌ನ ಚೆರ್ವಿನ್ 190 ರೋಗಿಗಳನ್ನು ಕೇಳಿದಾಗ, ನಿದ್ದೆ ಬರುತ್ತದೆ ಎಂದವರು ನೂರಕ್ಕೆ 47. ಶಕ್ತಿಯೇ ಇಲ್ಲ ಎಂದವರು 62. ಕನ್ನಡದ ರೋಗಿ ಸುಸ್ತು, ನಿಶ್ಶಕ್ತಿ, ಮೈ ಭಾರ ಎನ್ನುತ್ತಾನೆ. ಹಾಗೆಂದವರಿಗೆ ನಮ್ಮಲ್ಲಿ ಗ್ಲೂಕೋಸ್ ಬಾಟಲಿ ಏರುತ್ತದೆ, ಬಿ ಕಾಂಪ್ಲೆಕ್ಸ್ ಸೂಜಿ ಬೀಳುತ್ತದೆ. ರಾತ್ರಿ ಹೇಗೆ ಮಲಗುತ್ತೀರಿ ಎಂಬ ಪ್ರಶ್ನೆ ಬರುವುದು ಅಪರೂಪ. ವರ್ಷಗಟ್ಟಲೆ ಇದೇ ಸ್ಥಿತಿಯಲ್ಲಿದ್ದವರಿಗೆ ಪೂರ್ತಿ ಎಚ್ಚರವೆಂದರೆ ಹೇಗಿರುತ್ತದೆ ಎಂಬುದೇ ಮರೆತಿರುತ್ತದೆ ಎನ್ನುವುದು ಇದಕ್ಕಿಂತ ಆಳದ ತೊಡಕು. ಚಿಕಿತ್ಸೆಯ ನಂತರ ಹಿಂದಿನ ದಿನಗಳಿಗೆ ಮತ್ತೆ ಅಂಕ ಕೊಡಲು ಹೇಳಿದರೆ, ಮೊದಲು ತಾವು ಕೊಟ್ಟಿದ್ದಕ್ಕಿಂತ ಹೆಚ್ಚಿನ ತೂಕಡಿಕೆಯ ಅಂಕವನ್ನು ಅನೇಕರು ಕೊಡುತ್ತಾರೆ. ಗುಣವಾದ ಮೇಲಷ್ಟೇ ಅವರಿಗೆ ತಮ್ಮ ಕಾಯಿಲೆಯ ಅಳತೆ ಸಿಗುತ್ತದೆ.

ಮಗ್ಗುಲಲ್ಲಿ ಮಲಗುವವರು

ಹೀಗಿರುವಾಗ ಈ ಕಾಯಿಲೆಗೆ ಸರಿಯಾದ ಸಾಕ್ಷಿ ರೋಗಿಯ ಮಗ್ಗುಲಲ್ಲಿ ಮಲಗುವವರು. ಗೊರಕೆ ಒಮ್ಮೆಲೇ ನಿಂತು, ಅರ್ಧ ನಿಮಿಷ ಸದ್ದಿಲ್ಲದೆ, ಆಮೇಲೆ ಬಿಕ್ಕಿದಂತೆ ಮತ್ತೆ ಶುರುವಾಗುವುದನ್ನು ಕಂಡವರು ಅವರೇ. ಉಸಿರು ಹೋಯಿತೇನೋ ಎಂದು ಹೆದರಿ ಅಲುಗಾಡಿಸಿ ಎಬ್ಬಿಸಿದ ಹೆಂಡತಿಯ ಮಾತು ರೋಗಿಯ ಹತ್ತು ಉತ್ತರಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು. ಅವಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಗಂಡ ಒಬ್ಬನೇ ಒಳಗೆ ಹೋಗುವುದು ನಮ್ಮ ದವಾಖಾನೆಗಳ ರೂಢಿ. ಈ ಕಾಯಿಲೆಯ ಮಟ್ಟಿಗೆ ಅದು ತಲೆಕೆಳಗಾದ ಕ್ರಮ.

ಸಾಕ್ಷಿ ಇರುವುದೂ ಇಲ್ಲದಿರುವುದೂ ಮನೆಯ ಮಲಗುವ ವ್ಯವಸ್ಥೆಯ ಮೇಲೆ ನಿಂತಿದೆ. ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ಪಾದರಸ 40 ಡಿಗ್ರಿ ಮುಟ್ಟಿದಾಗ ಮನೆಮಂದಿಯೆಲ್ಲ ಮಾಳಿಗೆಯ ಮೇಲೋ ಅಂಗಳದಲ್ಲೋ ಹಾಸಿಕೊಳ್ಳುತ್ತಾರೆ. ಆ ದಿನಗಳಲ್ಲಿ ಯಾರ ಗೊರಕೆಯೂ ಗುಟ್ಟಲ್ಲ, ಪಕ್ಕದ ಮಾಳಿಗೆಯವರೂ ಹೇಳಬಲ್ಲರು. ಉಳಿದ ಕಾಲದಲ್ಲಿ ಗಂಡಸರು ಪಡಸಾಲೆ, ಕಟ್ಟೆ, ಹೊಲದ ಗುಡಿಸಲುಗಳಲ್ಲಿ, ಹೆಂಗಸರು ಮಕ್ಕಳೊಂದಿಗೆ ಒಳಮನೆಯಲ್ಲಿ. ಗುಳೆ ಹೋದ ತಾಂಡಾಗಳಲ್ಲಿ ಉಳಿಯುವವರು ಮುದುಕರು, ಅವರಲ್ಲಿ ಕಿವಿ ಮಂದವಾದವರೂ ಸೇರಿರುತ್ತಾರೆ. ಒಬ್ಬಂಟಿಯಾಗಿ ಮಲಗುವ ವಿಧವೆ, ವಿಧುರರ ಉಸಿರಿಗೆ ಸಾಕ್ಷಿಯೇ ಇಲ್ಲ.

ಹೆಂಗಸರ ಆಪ್ನಿಯಾ ಇನ್ನೂ ಹೆಚ್ಚು ಮರೆಯಲ್ಲಿ ಉಳಿದಿದೆ. ಗಂಡಸಿನ ಗೊರಕೆ ನಗೆಯ ವಸ್ತು, ಹೆಂಗಸಿನದು ನಾಚಿಕೆಯ ವಸ್ತು. ಅವಳೂ ಹೇಳಿಕೊಳ್ಳುವುದಿಲ್ಲ, ಗಾಢ ನಿದ್ದೆಯಲ್ಲಿರುವ ಗಂಡನಿಗೂ ತಿಳಿಯುವುದಿಲ್ಲ. ಹೆಂಗಸರಲ್ಲಿ ಲಕ್ಷಣಗಳೂ ತುಸು ಬೇರೆ: ಸುಸ್ತು, ತಲೆನೋವು, ಬೇಸರ, ರಾತ್ರಿ ನಿದ್ದೆ ಬಾರದಿರುವುದು ಮುಂದಾಗಿರುತ್ತವೆ. ಇದನ್ನು ರಕ್ತಹೀನತೆ, ಮನೆಯ ಚಿಂತೆ, ಮುಟ್ಟು ನಿಲ್ಲುವ ವಯಸ್ಸು ಎಂದು ಕೈಬಿಡುವುದು ಸುಲಭ.

ಮಕ್ಕಳಲ್ಲಿ ಕಾರಣ ಹೆಚ್ಚಾಗಿ ದೊಡ್ಡ ಟಾನ್ಸಿಲ್ ಮತ್ತು ಅಡಿನಾಯ್ಡ್. ಗಂಟೆಗೆ ಒಂದು ಸಲ ಉಸಿರು ಕಟ್ಟಿದರೂ ಮಕ್ಕಳಲ್ಲಿ ಅದು ಸಹಜವಲ್ಲ. ಬಾಯಿ ತೆರೆದು ಮಲಗುವುದು, ಹಾಸಿಗೆ ತುಂಬ ಹೊರಳುವುದು, ದೊಡ್ಡವರಾದರೂ ಹಾಸಿಗೆ ಒದ್ದೆ ಮಾಡುವುದು, ಶಾಲೆಯಲ್ಲಿ ಒಂದೆಡೆ ಕೂರದಿರುವುದು ಇದರ ಗುರುತುಗಳು. ತೂಕಡಿಸುವ ಬದಲು ಕುಣಿದಾಡುವ ಮಗುವಿಗೆ ನಿದ್ದೆ ಸಾಲದು ಎಂದರೆ ಮೇಷ್ಟರೂ ನಂಬುವುದಿಲ್ಲ.

ಅಳತೆಗಳು

ರೋಗಿಯ ಅನಿಸಿಕೆಯನ್ನು ಅಂಕವಾಗಿಸುವ ಪ್ರಸಿದ್ಧ ಪ್ರಶ್ನಾವಳಿ ಎಪ್‌ವರ್ತ್ ಮಾಪಕ. ಆಸ್ಟ್ರೇಲಿಯಾದ ಮೆಲ್ಬರ್ನಿನ ಎಪ್‌ವರ್ತ್ ಆಸ್ಪತ್ರೆಯಲ್ಲಿದ್ದ ಮರ್ರೆ ಜಾನ್ಸ್ ಇದನ್ನು 1991ರಲ್ಲಿ ಪ್ರಕಟಿಸಿದರು. ಎಂಟು ಸಂದರ್ಭಗಳಲ್ಲಿ ತೂಕಡಿಕೆ ಎಷ್ಟು ಸಂಭವ ಎಂದು ರೋಗಿ ತಾನೇ ಸೊನ್ನೆಯಿಂದ 3ರವರೆಗೆ ಅಂಕ ಕೊಡಬೇಕು, ಒಟ್ಟು 24. 10 ಮೀರಿದರೆ ಅತಿ ತೂಕಡಿಕೆ. ಓದುತ್ತ ಕೂತಾಗ, ಕಾರಿನಲ್ಲಿ ಒಂದು ಗಂಟೆ ಪ್ರಯಾಣಿಸುವಾಗ, ಟ್ರಾಫಿಕ್ಕಿನಲ್ಲಿ ಕಾರು ನಿಂತಾಗ ಎಂಬ ಪ್ರಶ್ನೆಗಳು ಕೂಡ್ಲಿಗಿಯ ಕುರಿಗಾಹಿಗೂ ಹಡಗಲಿಯ ಮಲ್ಲಿಗೆ ಬಿಡಿಸುವವಳಿಗೂ ಹೊಂದುವುದಿಲ್ಲ. ಹರಪನಹಳ್ಳಿಯಿಂದ ದಾವಣಗೆರೆಗೆ ಬಸ್ಸಿನಲ್ಲಿ ಕೂತಾಗ, ಗುಡಿಯಲ್ಲಿ ಭಜನೆ ಕೇಳುವಾಗ, ಸಂಘದ ಸಭೆಯಲ್ಲಿ ಕೂತಾಗ ಎಂದು ಕೇಳಿದರೆ ಉತ್ತರ ಸಿಕ್ಕೀತು. ಬಯಲಾಟವನ್ನು ಮಾತ್ರ ಪಟ್ಟಿಗೆ ಸೇರಿಸಬಾರದು. ಬೆಳಗಿನ ಜಾವಕ್ಕೆ ಅಲ್ಲಿ ಆರೋಗ್ಯವಂತರೂ ತೂಕಡಿಸುತ್ತಾರೆ. ಎಷ್ಟು ತಿದ್ದಿದರೂ ಈ ಮಾಪಕಕ್ಕೊಂದು ಮಿತಿಯಿದೆ: ಎಪ್‌ವರ್ತ್ ಅಂಕಕ್ಕೂ ಉಸಿರು ಕಟ್ಟುವ ಸಂಖ್ಯೆಗೂ ಇರುವ ಸಂಬಂಧ ದುರ್ಬಲ. ತೀವ್ರ ಆಪ್ನಿಯಾ ಇದ್ದೂ 5 ಅಂಕ ಕೊಟ್ಟುಕೊಳ್ಳುವವರು ಬಹಳ.

ಕೆನಡಾದ ಟೊರಾಂಟೊದಲ್ಲಿ ಫ್ರಾನ್ಸಿಸ್ ಚುಂಗ್ ತಂಡ 2008ರಲ್ಲಿ ರೂಪಿಸಿದ ಸ್ಟಾಪ್-ಬ್ಯಾಂಗ್ ಪ್ರಶ್ನಾವಳಿ ರೋಗಿಯ ಅನಿಸಿಕೆಯನ್ನು ಕಡಿಮೆ ನೆಚ್ಚುತ್ತದೆ. ಗೊರಕೆ, ಸುಸ್ತು, ಉಸಿರು ನಿಂತದ್ದನ್ನು ಇತರರು ಕಂಡದ್ದು, ರಕ್ತದೊತ್ತಡ, ತೂಕ, 50 ದಾಟಿದ ವಯಸ್ಸು, ಕುತ್ತಿಗೆಯ ಸುತ್ತಳತೆ, ಗಂಡಸೇ ಎಂಬುದು ಅದರ ಎಂಟು ಅಂಶಗಳು. ಟೇಪು, ತೂಕದ ಯಂತ್ರ ಮತ್ತು ಬಿ.ಪಿ. ಯಂತ್ರವಿರುವ ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇದನ್ನು ಐದು ನಿಮಿಷದಲ್ಲಿ ಮುಗಿಸಬಹುದು. ಎಪ್‌ವರ್ತ್‌ಗಿಂತ ನಮ್ಮ ಹಳ್ಳಿಗಳಿಗೆ ಇದೇ ಮೇಲು.

ಖಚಿತ ಪರೀಕ್ಷೆ ಪಾಲಿಸೋಮ್ನೋಗ್ರಫಿ. ಮಿದುಳಿನ ಅಲೆ, ಕಣ್ಣಿನ ಚಲನೆ, ಉಸಿರು, ಹೃದಯ, ಆಮ್ಲಜನಕ ಎಲ್ಲವನ್ನೂ ರಾತ್ರಿಯಿಡೀ ದಾಖಲಿಸುವ ಈ ಪರೀಕ್ಷೆಗೆ ನಗರದ ಪ್ರಯೋಗಾಲಯದಲ್ಲಿ ಮಲಗಬೇಕು. ಹೊಸ ಜಾಗ, ಮೈತುಂಬ ತಂತಿ. ಮೊದಲ ರಾತ್ರಿಯ ನಿದ್ದೆ ಹೆಚ್ಚಿನವರಿಗೆ ಸಹಜವಾಗಿರುವುದಿಲ್ಲ ಎಂಬುದು 1960ರ ದಶಕದಿಂದಲೂ ಗೊತ್ತಿರುವ ಮಾತು. ಮನೆಯಲ್ಲೇ ಮಾಡಿಕೊಳ್ಳುವ ಪರೀಕ್ಷೆ ಇದಕ್ಕೆ ಪರ್ಯಾಯ: ಮೂಗಿಗೊಂದು ಕೊಳವೆ, ಎದೆಗೊಂದು ಪಟ್ಟಿ, ಬೆರಳಿಗೊಂದು ಕ್ಲಿಪ್ಪು. ಮಲಗುವುದು ತನ್ನ ಹಾಸಿಗೆಯಲ್ಲೇ, ತನ್ನ ಕೌದಿಯಲ್ಲೇ. ಆದರೆ ಹೆಚ್ಚಿನ ಮನೆ ಯಂತ್ರಗಳು ಮಿದುಳಿನ ಅಲೆಯನ್ನು ನೋಡುವುದಿಲ್ಲ. ಎಷ್ಟು ಹೊತ್ತು ನಿಜಕ್ಕೂ ನಿದ್ದೆ ಬಂದಿತ್ತು ಎಂದು ತಿಳಿಯದೆ ಯಂತ್ರ ಹಾಕಿಕೊಂಡ ಒಟ್ಟು ಸಮಯದಿಂದಲೇ ಭಾಗಿಸುವುದರಿಂದ ಸೂಚ್ಯಂಕ ನಿಜಕ್ಕಿಂತ ಕಡಿಮೆ ಬರುವುದುಂಟು. ಮನೆ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ ಎಂದ ಮಾತ್ರಕ್ಕೆ, ಲಕ್ಷಣ ಬಲವಾಗಿದ್ದರೆ, ಅಲ್ಲಿಗೇ ಬಿಡಬಾರದು.

ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಹಳ್ಳಿ ಮನೆಗಳನ್ನೂ ಸೇರಿತು. ಬೆಳಿಗ್ಗೆ ಎದ್ದು ಅದರಲ್ಲಿ 97 ನೋಡಿ ನೆಮ್ಮದಿಪಡುವವರಿದ್ದಾರೆ. ಎಚ್ಚರದಲ್ಲಿ ಆಪ್ನಿಯಾ ರೋಗಿಯ ಆಮ್ಲಜನಕ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಆ ಅಂಕಿ ರಾತ್ರಿಯ ಬಗ್ಗೆ ಏನನ್ನೂ ಹೇಳದು. ಸ್ಯಾಮ್ಸಂಗ್ ಮತ್ತು ಆಪಲ್ ಕಂಪನಿಗಳ ಕೈಗಡಿಯಾರಗಳಿಗೆ ಆಪ್ನಿಯಾದ ಸೂಚನೆ ಕೊಡಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರಲ್ಲಿ ಒಪ್ಪಿಗೆ ನೀಡಿತು. ಅವು ಎಚ್ಚರಿಸಬಲ್ಲವು, ರೋಗನಿರ್ಣಯ ಮಾಡಲಾರವು. ಇವೆಲ್ಲಕ್ಕಿಂತ ಅಗ್ಗದ ಸಾಧನ ಮನೆಯ ಮೊಬೈಲ್. ಮಲಗಿದವರ ಗೊರಕೆ ನಿಂತು ಶುರುವಾಗುವುದನ್ನು ಎರಡು ನಿಮಿಷ ವಿಡಿಯೊ ಮಾಡಿಕೊಂಡು ಹೋದರೆ ವೈದ್ಯರಿಗೂ ಸುಳಿವು ಸಿಗುತ್ತದೆ, ನಾನೆಲ್ಲಿ ಗೊರಕೆ ಹೊಡೀತೀನಿ ಎಂದು ವಾದಿಸುವ ಯಜಮಾನರೂ ಸುಮ್ಮನಾಗುತ್ತಾರೆ.

ವ್ಯಾಪ್ತಿ

1993ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಅಧ್ಯಯನ 30ರಿಂದ 60 ವಯಸ್ಸಿನ ಗಂಡಸರಲ್ಲಿ ನೂರಕ್ಕೆ 24, ಹೆಂಗಸರಲ್ಲಿ 9 ಮಂದಿಗೆ ಗಂಟೆಗೆ 5 ಮೀರಿ ಉಸಿರು ಕಟ್ಟುವುದನ್ನು ಕಂಡಿತು. ಅದರೊಂದಿಗೆ ಹಗಲಿನ ತೂಕಡಿಕೆಯನ್ನೂ ಹೇಳಿಕೊಂಡವರು ಕ್ರಮವಾಗಿ 4 ಮತ್ತು 2 ಮಾತ್ರ. ಭಾರತದ ಅಂಕಿಗಳಲ್ಲೂ ಇದೇ ಕಂದಕ ಕಾಣುತ್ತದೆ. ಉದ್ವಾಡಿಯಾ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಮುಂಬೈ ಅಧ್ಯಯನದಲ್ಲಿ ಮಧ್ಯವಯಸ್ಸಿನ ಗಂಡಸರಲ್ಲಿ ನಿದ್ದೆಯ ಉಸಿರಾಟದ ತೊಂದರೆ ನೂರಕ್ಕೆ 19.5, ತೂಕಡಿಕೆಯೂ ಸೇರಿದ ರೋಗಲಕ್ಷಣ 7.5. ಅಂದರೆ ಯಂತ್ರಕ್ಕೆ ಸಿಕ್ಕಿಬಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತೂಕಡಿಕೆಯನ್ನು ಹೇಳಿಕೊಂಡಿರಲಿಲ್ಲ. ಭಾರತದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2023ರಲ್ಲಿ ದೆಹಲಿಯ ಏಮ್ಸ್ ತಜ್ಞರು ಕಟ್ಟಿದ ಅಂದಾಜಿನಂತೆ, ದುಡಿಯುವ ವಯಸ್ಸಿನ 10 ಕೋಟಿಗೂ ಮಿಕ್ಕಿದ ಭಾರತೀಯರಿಗೆ ಈ ಕಾಯಿಲೆ ಇದೆ. ಈ ಅಧ್ಯಯನಗಳು ಬಹುಪಾಲು ನಗರಗಳವು. ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 30 ಮಂದಿ ಅತಿತೂಕದವರೆಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿರುವಾಗ, ಹಳ್ಳಿಗಳು ಇದರಿಂದ ಪಾರಾಗಿವೆ ಎನ್ನುವಂತಿಲ್ಲ.

ಚಿಕಿತ್ಸೆ ಮತ್ತು ಬದಲಾಗುವ ಅನುಭವ

ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲ್ಲಿವನ್ 1981ರಲ್ಲಿ ಪ್ರಕಟಿಸಿದ ಸಿಪ್ಯಾಪ್ ಯಂತ್ರ ಇಂದಿಗೂ ಮುಖ್ಯ ಚಿಕಿತ್ಸೆ. ಮುಖವಾಡದ ಮೂಲಕ ಒತ್ತಡದ ಗಾಳಿ ಊದಿ ಗಂಟಲು ಮುಚ್ಚದಂತೆ ನೋಡಿಕೊಳ್ಳುವುದು ಅದರ ಕೆಲಸ. ಹಾಕಿಕೊಂಡ ಮೊದಲ ರಾತ್ರಿಯಲ್ಲೇ ಕೆಲವರಿಗೆ ವರ್ಷಗಳಿಂದ ಬಾಕಿ ಉಳಿದ ಗಾಢ ನಿದ್ದೆ, ಕನಸಿನ ನಿದ್ದೆ ಒಟ್ಟಿಗೆ ನುಗ್ಗುತ್ತವೆ. ಕೆಲವರಿಗೆ ಅದೇ ಮುಖವಾಡ ಉಸಿರುಗಟ್ಟಿಸಿದಂತಾಗುತ್ತದೆ. ಒಳ್ಳೆಯ ನಿದ್ದೆಯೇ ಬರುತ್ತಿದೆ ಎಂದುಕೊಂಡಿದ್ದವನಿಗೆ ಈ ಯಂತ್ರ ಶುದ್ಧ ಕಿರಿಕಿರಿ; ತನ್ನ ಕಾಯಿಲೆಯನ್ನು ತಾನು ಕಂಡಿಲ್ಲದವನು ಅದನ್ನು ಮೂಲೆಗಿಡುವುದರಲ್ಲಿ ಆಶ್ಚರ್ಯವಿಲ್ಲ. ರಾತ್ರಿಗೆ ಕನಿಷ್ಠ ನಾಲ್ಕು ಗಂಟೆಯಂತೆ ನೂರಕ್ಕೆ 70 ರಾತ್ರಿ ಬಳಸಬೇಕೆಂಬುದು ರೂಢಿಯ ಅಳತೆ. ಹಲವರು ಅದನ್ನು ಮುಟ್ಟುವುದಿಲ್ಲ. ಭಾರತವೂ ಸೇರಿದ್ದ, 2016ರಲ್ಲಿ ಪ್ರಕಟವಾದ ಸೇವ್ ಎಂಬ ದೊಡ್ಡ ಪ್ರಯೋಗದಲ್ಲಿ ಸರಾಸರಿ ಬಳಕೆ 3.3 ಗಂಟೆ. ಹೃದಯಾಘಾತ, ಪಾರ್ಶ್ವವಾಯುಗಳು ಅದರಿಂದ ತಗ್ಗಲಿಲ್ಲ. ತೂಕಡಿಕೆ, ಮನಸ್ಸಿನ ಭಾರ ತಗ್ಗಿದವು. ಯಂತ್ರವೇ ನಿಷ್ಫಲವೋ, ಬಳಸಿದ್ದು ಸಾಲಲಿಲ್ಲವೋ ಎಂಬ ಚರ್ಚೆ ಮುಗಿದಿಲ್ಲ.

ಹಳ್ಳಿಯಲ್ಲಿ ಬೇರೆ ತೊಡಕುಗಳೂ ಇವೆ. ನಡುರಾತ್ರಿ ಕರೆಂಟು ಹೋದರೆ ಯಂತ್ರ ನಿಲ್ಲುತ್ತದೆ, ಇನ್ವರ್ಟರ್ ಬೇಕು. ಸುಗ್ಗಿಯ ದೂಳಿಗೆ ಅದರ ಸೋಸುಪಟ್ಟಿ ಬೇಗ ಕಟ್ಟಿಕೊಳ್ಳುತ್ತದೆ. ಮುಖವಾಡ ಕಂಡ ನೆಂಟರು ಕೊನೆಗಾಲ ಬಂತೆಂದೇ ತಿಳಿಯುತ್ತಾರೆ. ಕೋವಿಡ್ ನಂತರ ಈ ಹೆದರಿಕೆ ಹೆಚ್ಚಿದೆ. ಮಾಳಿಗೆಯ ಮೇಲೆ ಮಲಗುವ ಕಾಲದಲ್ಲಿ ಯಂತ್ರ ಕೆಳಗೇ ಉಳಿಯುತ್ತದೆ.

ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ರಾತ್ರಿಯ ಕುಡಿತ ಬಿಡುವುದು, ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಹಲ್ಲಿನ ಸಾಧನ, ಟಾನ್ಸಿಲ್ ಶಸ್ತ್ರಚಿಕಿತ್ಸೆ ಇವು ಆಯಾ ರೋಗಿಗೆ ತಕ್ಕಂತೆ ಫಲ ಕೊಡುತ್ತವೆ. ಬೊಜ್ಜಿನೊಂದಿಗೆ ಆಪ್ನಿಯಾ ಇರುವವರಿಗಾಗಿ ಟಿರ್ಜೆಪಟೈಡ್ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2024ರ ಡಿಸೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಜೈಪುರದ ವೈದ್ಯರು 2025ರಲ್ಲಿ ಪ್ರಕಟಿಸಿದ 30 ಜನರ ಪ್ರಯೋಗದಲ್ಲಿ ಆರು ತಿಂಗಳು ಶಂಖ ಊದಿದವರ ತೂಕಡಿಕೆ ನೂರಕ್ಕೆ 34ರಷ್ಟು ತಗ್ಗಿತು, ಉಸಿರು ಕಟ್ಟುವುದೂ ಗಂಟೆಗೆ ನಾಲ್ಕೈದು ಸಲ ಕಡಿಮೆಯಾಯಿತು. ಗಂಟಲಿನ ಸ್ನಾಯುಗಳಿಗೆ ಕಸರತ್ತು ಸಿಕ್ಕಿದ್ದು ಇದಕ್ಕೆ ಕಾರಣವೆಂಬ ವಿವರಣೆ ಒಪ್ಪುವಂಥದ್ದೇ, ಆದರೆ 30 ಜನರ ಪ್ರಯೋಗ ಸಣ್ಣದು. ತೀವ್ರ ಕಾಯಿಲೆಯವರು ಶಂಖ ನಂಬಿ ಯಂತ್ರ ಬಿಡುವಂತಿಲ್ಲ.

ರಸ್ತೆಯ ಮೇಲೆ

ರೋಗಿಯ ಅರಿವಿನ ತಪ್ಪು ಇತರರ ಜೀವಕ್ಕೆ ಎರವಾಗುವುದು ರಸ್ತೆಯಲ್ಲಿ. ಚಿತ್ರದುರ್ಗದಿಂದ ಕೂಡ್ಲಿಗಿ ಹಾದು ಹೊಸಪೇಟೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ರಾತ್ರಿಯಿಡೀ ಲಾರಿಗಳ ಸಾಲು. ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಕೆಲಸ ಹೇರಬಾರದೆಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹೇಳಿತ್ತು. ಅದನ್ನು ಪಾಲಿಸಿ, ಎಂಟು ಗಂಟೆ ಮಲಗಿ ಎದ್ದ ಚಾಲಕನೂ ಆಪ್ನಿಯಾ ಇದ್ದರೆ ಸ್ಟಿಯರಿಂಗ್ ಮೇಲೆ ತೂಕಡಿಸಬಲ್ಲ. ನಿದ್ದೆ ಬಂದರೆ ಗೊತ್ತಾಗುತ್ತದೆ ಬಿಡಿ ಎನ್ನುವುದು ಎಲ್ಲ ಚಾಲಕರ ಮಾತು. ಕೆಲವೇ ಸೆಕೆಂಡಿನ ತೂಕಡಿಕೆ ಬಂದು ಹೋದದ್ದು ಎಷ್ಟೋ ಸಲ ತೂಕಡಿಸಿದವನಿಗೇ ತಿಳಿಯುವುದಿಲ್ಲ. ಎಲೆ ಅಡಿಕೆ, ಚಹಾ, ಮುಖಕ್ಕೆ ತಣ್ಣೀರು ಅದನ್ನು ತಡೆಯಲಾರವು.

ವಾಹನ ಚಾಲನಾ ಪರವಾನಗಿಗೆ ಅರ್ಜಿದಾರ ಸಲ್ಲಿಸುವ ದೈಹಿಕ ಅರ್ಹತೆಯ ಸ್ವಯಂಘೋಷಣೆ, ಅಂದರೆ ನಮೂನೆ 1, ಮೂರ್ಛೆ ರೋಗ, ತಲೆಸುತ್ತು, ಕಣ್ಣಿನ ದೃಷ್ಟಿ, ಬಣ್ಣ ಗುರುತಿಸುವ ಶಕ್ತಿ, ಇರುಳುಗುರುಡು, ಕಿವುಡುತನಗಳನ್ನು ಹೆಸರಿಸಿ ಕೇಳುತ್ತದೆ. ಗೊರಕೆಯನ್ನೂ ಹಗಲಿನ ತೂಕಡಿಕೆಯನ್ನೂ ಹೆಸರಿಸಿ ಕೇಳುವುದಿಲ್ಲ. ಭಾರೀ ವಾಹನ ಓಡಿಸುವವರ ಮಟ್ಟಿಗಾದರೂ ಈ ಎರಡು ಪ್ರಶ್ನೆ ಅಲ್ಲಿ ಸೇರಬೇಕು, ಉತ್ತರವನ್ನು ಚಾಲಕನ ಜೊತೆಗೆ ಅವನ ಮನೆಯವರಿಂದಲೂ ಪಡೆಯಬೇಕು.